ಬೋರ್ಡಿಲ್ಲದ ಅಂಗಡಿಗೆ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡ್ತೀನಿ, ಈ ಅಂಗಡಿಗೆ ಹೆಸರಿನ ಬೋರ್ಡಿಲ್ಲ. ಬಳ್ಳಾರಿಯಿಂದ ಸಿರುಗುಪ್ಪ ರಸ್ತೆ ಹಿಡಿದು ಹೋಗಿ. ಮೋಟಾರ್ ವೈಂಡಿಂಗ್ ಅಂಗಡಿಗೂ ಪಂಕ್ಚರ್ ಅಂಗಡಿಗೂ ನಡುವೆ ಒಂದು ಬೇವಿನ ಮರ, ಅದರ ಕೆಳಗೆ ಬಾನೆಟ್ ಎತ್ತಿಕೊಂಡು ನಿಂತ ಮೂರು ಗಾಡಿ ಕಂಡರೆ ಅದೇ. ತಗಡಿನ ಶೆಡ್ಡಿನ ಬಾಗಿಲ ಮೇಲೆ ‘ಕಾರ್ ವೈರಿಂಗ್, ಸ್ಕ್ಯಾನಿಂಗ್’ ಅಂತ ಸುಣ್ಣದಲ್ಲಿ ಬರೆದದ್ದು ಅರ್ಧ ಅಳಿಸಿದೆ. ಆ ‘ಸ್ಕ್ಯಾನಿಂಗ್’ ನೋಡಿ ಒಮ್ಮೆ ಬಸುರಿ ಹೆಂಗಸೊಬ್ಬರು ಆಟೋದಿಂದ ಇಳಿದು ವಿಚಾರಿಸಿದ್ದರಂತೆ. ಅಂಗಡಿಯ ಮೆಕ್ಯಾನಿಕ್ ಭಾಯ್ ಹೇಳಿದ್ದು, ನಂಬೋದು ಬಿಡೋದು ನಿಮಗೆ ಸೇರಿದ್ದು.

ನಾನು ಕುರುಗೋಡು ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಮನೆ ಬಳ್ಳಾರಿ ಗಾಂಧಿನಗರದಲ್ಲಿ. ದಿನಕ್ಕೆ ಹೋಗಿ ಬರೋದು ಅರವತ್ತು ಕಿಲೋಮೀಟರಿನ ಹತ್ತಿರ. ಗಾಡಿ 2017ರ ಡೀಸೆಲ್ ಕಾರು, ಕಂಪನಿ ಹೆಸರು ಬೇಡ, ಗಾಡಿಯದೇನೂ ತಪ್ಪಿಲ್ಲ. ಎಂಟು ವರ್ಷ ಕುಂಯ್ ಅನ್ನದೆ ಓಡಿದೆ. ಕಾರಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಗಾಳಿ, ನೀರು, ಡೀಸೆಲ್ ಅಷ್ಟೇ. ಈಗ ಸ್ವಲ್ಪ ಜಾಸ್ತಿ ಗೊತ್ತು, ಅದಕ್ಕೇ ಬರೀತಿದ್ದೀನಿ.

ಜೂನ್‌ನಲ್ಲಿ ಶಾಲೆ ಶುರುವಾದ ಎರಡನೇ ವಾರ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಮೊದಲ ತಿರುವು ದಾಟಿದೆ, ಅಷ್ಟೇ. ಮೀಟರ್ ಬೋರ್ಡಿನಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡಿಕೊಳ್ಳೋ ವ್ಯವಸ್ಥೆ) ಲೈಟು, ಹ್ಯಾಂಡ್‌ಬ್ರೇಕ್ ಲೈಟು, ಸ್ಟೇರಿಂಗ್ ಗುರುತಿನ ಲೈಟು ಎಲ್ಲಾ ಒಟ್ಟಿಗೆ ಹತ್ತಿಕೊಂಡವು, ಗಣಪತಿ ಮಂಟಪದ ಸೀರಿಯಲ್ ಸೆಟ್ ಥರ. ಸ್ಪೀಡ್ ಮುಳ್ಳು ಸೊನ್ನೆಗೆ ಬಿತ್ತು. ಗಾಡಿ ಮಾತ್ರ ಓಡ್ತಾನೇ ಇದೆ. ಸ್ಟೇರಿಂಗ್ ಹಿಟ್ಟು ರುಬ್ಬಿದ ಹಾಗೆ ಗಟ್ಟಿ. ಪಕ್ಕಕ್ಕೆ ಹಾಕಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲ ಅನ್ನೋ ಹಾಗೆ ಎಲ್ಲಾ ಮಾಯ. ಮೂರು ದಿನ ಸುಮ್ಮನಿತ್ತು. ನಾಲ್ಕನೇ ದಿನ ಮತ್ತೆ ಅದೇ ತಿರುವು, ಅದೇ ನಾಟಕ.

ಕಂಪನಿಯ ಸರ್ವಿಸ್ ಸೆಂಟರಿಗೆ ಕೊಟ್ಟೆ. ಅವರು ಕೂರಿಸಿದ ಎಸಿ ಕೋಣೆಗೆ, ಕೊಟ್ಟ ಕಾಫಿಗೆ ನನ್ನದೇನೂ ತಕರಾರಿಲ್ಲ. ಟ್ಯಾಬ್ ಹಿಡಿದು ಬಂದ ಹುಡುಗ ಕೋಡ್, ಅಂದರೆ ಗಾಡಿ ತನ್ನ ತೊಂದರೆಗೆ ತಾನೇ ಬರೆದುಕೊಳ್ಳೋ ನಂಬರು, ಓದಿದ: ಯು 0121. ‘ಮೇಡಂ, ಎಬಿಎಸ್ ಮಾಡ್ಯೂಲ್ ಕಮ್ಯುನಿಕೇಶನ್ ಲಾಸ್. ಮಾಡ್ಯೂಲ್ ಹೋಗಿದೆ, ಅಸೆಂಬ್ಲಿನೇ ಬದಲಾಯಿಸಬೇಕು.’ ಮಾಡ್ಯೂಲ್ ಅಂದರೆ ಆಯಾ ಭಾಗವನ್ನ ನೋಡಿಕೊಳ್ಳೋ ಪುಟ್ಟ ಕಂಪ್ಯೂಟರು. ಎಸ್ಟಿಮೇಟು 41 ಸಾವಿರದ ಚಿಲ್ಲರೆ. ‘ಸರ್‌ಗೆ ಹೇಳಿ, ಅಪ್ರೂವಲ್ ತಗೊಂಡು ಕಾಲ್ ಮಾಡಿ’ ಅಂದ. ಸರ್ ಅಂದರೆ ನಮ್ಮ ಯಜಮಾನರು. ಅವರಿಗೆ ಲೈಸೆನ್ಸೇ ಇಲ್ಲ. ನೋಡಿದ್ದಕ್ಕೆ ಸಾವಿರ, ಅದರ ಮೇಲೆ ಜಿಎಸ್‌ಟಿ 180. ಕಟ್ಟಿ ಗಾಡಿ ತಗೊಂಡು ಬಂದೆ. ಅವರು ಕೋಡ್ ಅಳಿಸಿ ಕಳಿಸಿದ್ದರು, ಅದು ಎಂಥ ಎಡವಟ್ಟು ಅಂತ ಆಮೇಲೆ ಗೊತ್ತಾಯ್ತು.

ರಾತ್ರಿ ಕೂತು ಓದಿದೆ. ಕೋಡಿನ ಲೆಕ್ಕ ಗಣಿತದವರಿಗೆ ಹೇಳಿ ಮಾಡಿಸಿದ ಹಾಗಿದೆ. ಐದು ಅಕ್ಷರ. ಮೊದಲನೆಯದು ಪಿ ಆದರೆ ಎಂಜಿನ್, ಗೇರ್ ಕಡೆಯದು. ಬಿ ಅಂದರೆ ಬಾಡಿ. ಏರ್‌ಬ್ಯಾಗು, ಬಾಗಿಲು, ಎಸಿ ಇಂಥವು. ಸಿ ಅಂದರೆ ಬ್ರೇಕು, ಸ್ಟೇರಿಂಗು, ಚಕ್ರದ ಕಡೆ. ಯು ಅಂದರೆ ಒಂದು ಮಾಡ್ಯೂಲು ಇನ್ನೊಂದರ ಜೊತೆ ಮಾತಾಡೋ ದಾರಿಯದು. ಎರಡನೆಯ ಅಂಕಿ ಸೊನ್ನೆ ಆದರೆ ಎಲ್ಲಾ ಕಂಪನಿಗೂ ಒಂದೇ ಅರ್ಥ, ಒಂದು ಆದರೆ ಆಯಾ ಕಂಪನಿಯ ಸ್ವಂತ ಗುಟ್ಟು. ಯು 0121ರ ಅರ್ಥ ‘ಎಬಿಎಸ್ ಮಾಡ್ಯೂಲಿನಿಂದ ಮಾತು ಕೇಳಿಸ್ತಿಲ್ಲ’ ಅಂತ. ‘ಮಾಡ್ಯೂಲ್ ಸತ್ತಿದೆ’ ಅಂತ ಎಲ್ಲೂ ಬರೆದಿಲ್ಲ. ಹಾಜರಿ ಕರೆಯೋವಾಗ ‘ಟೀಚರ್, ಅವನು ಬಂದಿಲ್ರೀ’ ಅಂತ ನಾಲ್ಕು ಮಕ್ಕಳು ಒಟ್ಟಿಗೆ ಕೂಗ್ತಾರಲ್ಲ, ಅಷ್ಟೇ ಇದು. ಅವನಿಗೆ ಜ್ವರವೋ, ಬಸ್ ತಪ್ಪಿತೋ, ಮೆಣಸಿನಕಾಯಿ ಬಿಡಿಸೋಕೆ ಅವ್ವ ಕರಕೊಂಡು ಹೋದಳೋ, ಕೂಗಿದ ನಾಲ್ಕು ಜನಕ್ಕೂ ಗೊತ್ತಿರೋದಿಲ್ಲ. ನಮ್ಮ ಕಡೆ ಮೆಣಸಿನಕಾಯಿ ಕಾಲದಲ್ಲಿ ಕೊನೇದೇ ನಿಜ ಆಗಿರುತ್ತೆ. ಅಂಥ ಹುಡುಗನ ಟಿಸಿ ಹರಿದು ಹೊಸ ಹುಡುಗನ್ನ ಸೇರಿಸ್ಕೊಳ್ಳಿ ಅನ್ನೋ ಎಸ್ಟಿಮೇಟು ಅದು, 41 ಸಾವಿರದ್ದು.

ಇಲ್ಲಿ ನಡುವೆ ಇನ್ನೊಂದು ವಸ್ತುವಿನ ರಿವ್ಯೂ ಹಾಕಿಬಿಡ್ತೀನಿ. ಆನ್‌ಲೈನ್‌ನಲ್ಲಿ ಸಿಗೋ ಕೋಡ್ ಓದೋ ಪುಟ್ಟ ಬ್ಲೂಟೂತ್ ಡಾಂಗಲ್, ಈಎಲ್‌ಎಂ 327 ಅಂತಾರೆ. ಕೆನಡಾದ ಒಂದು ಕಂಪನಿ ಮಾಡಿದ ಚಿಪ್ಪಿನ ಹೆಸರದು. ಆ ಕಂಪನಿ 2022ರಲ್ಲಿ ಅಂಗಡಿ ಮುಚ್ಚಿತು, ನಮ್ಮ ಕೈಗೆ ಆರುನೂರು ಏಳುನೂರಕ್ಕೆ ಬರೋವೆಲ್ಲ ಅದರ ನಕಲು. ನನಗೆ ಬಂದ ಮೊದಲನೆಯದು ಫೋನಿನ ಜೊತೆ ಸೇರ್ತಿತ್ತು, ಕಾರಿನ ಜೊತೆ ಸೇರ್ತಿರಲಿಲ್ಲ. ವಾಪಸ್ ಕಳಿಸಿದೆ. ಎರಡನೆಯದು ಸರಿಯಾಗಿತ್ತು. ಸ್ಟೇರಿಂಗ್ ಕೆಳಗೆ, ಮೊಣಕಾಲು ತಾಗೋ ಜಾಗದಲ್ಲಿ ಹದಿನಾರು ಪಿನ್ನಿನ ಒಂದು ಸಾಕೆಟ್ ಇರುತ್ತೆ. ನಮ್ಮ ದೇಶದಲ್ಲಿ 2013ರ ಏಪ್ರಿಲ್ ಆದಮೇಲೆ ಬಂದ ಬಹುಪಾಲು ಕಾರುಗಳಲ್ಲಿ ಅದು ಸಿಗುತ್ತೆ. ಅಲ್ಲಿ ಸಿಕ್ಕಿಸಿ, ಫೋನಿನಲ್ಲಿ ಕಾರ್ ಸ್ಕ್ಯಾನರ್ ಅಥವಾ ಟಾರ್ಕ್ ಆ್ಯಪ್ ತೆರೆದರೆ ಎಂಜಿನ್ನಿನ ಸಂಗತಿ ಬರುತ್ತೆ. ಬಿಸಿ ಎಷ್ಟು, ಬ್ಯಾಟರಿ ವೋಲ್ಟೇಜ್ ಎಷ್ಟು, ಕೋಡ್ ಏನು, ಕೋಡ್ ಬಿದ್ದ ಕ್ಷಣದಲ್ಲಿ ಸ್ಪೀಡು, ಆರ್‌ಪಿಎಂ ಎಷ್ಟಿತ್ತು ಅನ್ನೋ ಫೋಟೋದಂಥ ದಾಖಲೆ. ಈ ಕೊನೆಯದು ಬಂಗಾರ. ಕೋಡ್ ಅಳಿಸಿದರೆ ಅದೂ ಅಳಿಸಿ ಹೋಗುತ್ತೆ. ಸರ್ವಿಸ್ ಸೆಂಟರಿನವರು ಮಾಡಿದ ಎಡವಟ್ಟು ಅದೇ.

ಆದರೆ ನನ್ನ ಕಾರಿನಲ್ಲಿ ಆ ಡಾಂಗಲ್ ಎಬಿಎಸ್, ಏರ್‌ಬ್ಯಾಗ್ ಕಡೆಗೆ ಇಣುಕಿಯೂ ನೋಡಲ್ಲ. ಎಂಜಿನ್ ಕಂಪ್ಯೂಟರ್ ಏನು ದೂರು ಹೇಳುತ್ತೋ ಅಷ್ಟೇ ನಮಗೆ ಕೇಳಿಸೋದು. ನನಗೆ ಸಿಕ್ಕಿದ್ದು ಅದೇ ಯು 0121, ಜೊತೆಗೆ ಪಿ 0500, ಅಂದರೆ ಸ್ಪೀಡ್ ಗೊತ್ತಾಗ್ತಿಲ್ಲ ಅನ್ನೋದು. ಮತ್ತೊಂದು ಮಾತು, ಆ ಸಾಕೆಟ್ಟಿನ ಹದಿನಾರನೇ ಪಿನ್ನಿಗೆ ಬ್ಯಾಟರಿಯಿಂದ ಸದಾ ಕರೆಂಟ್ ಇರುತ್ತೆ. ರಜೆಗೆ ಊರಿಗೆ ಹೋಗೋವಾಗ ಡಾಂಗಲ್ ಕಿತ್ತಿಟ್ಟು ಹೋಗಿ. ನಾನು ಮರೆತು ಹೋಗಿ, ವಾಪಸ್ ಬಂದಾಗ ಓಣಿ ಹುಡುಗರ ಕೈಲಿ ಗಾಡಿ ತಳ್ಳಿಸಿದ್ದೀನಿ. ಕೊಟ್ಟ ದುಡ್ಡಿಗೆ ಮೂರು ಸ್ಟಾರು.

ಈಗ ಭಾಯ್ ಅಂಗಡಿ. ಹೇಳಿದ್ದು ನಮ್ಮ ಶಾಲೆಗೆ ಅಕ್ಕಿ ಮೂಟೆ ತರೋ ಗೂಡ್ಸ್ ಗಾಡಿ ಡ್ರೈವರು. ಶನಿವಾರ ಅರ್ಧ ದಿನ ಶಾಲೆ ಮುಗಿಸಿ ನೇರ ಅಲ್ಲಿಗೆ ಹೋದೆ. ಭಾಯ್ ಒಂದು ಬೊಲೆರೊ ಅಡಿಯಿಂದ ಅರ್ಧ ಹೊರಗೆ ಬಂದು, ನನ್ನನ್ನ ನೋಡಿ, ಹಿಂದೆ ಯಾರಾದರೂ ಗಂಡಸರು ಬರ್ತಾರಾ ಅಂತ ಗೇಟಿನ ಕಡೆ ನೋಡಿ, ಯಾರೂ ಬರಲಿಲ್ಲ ಅಂತ ಖಾತ್ರಿ ಆದಮೇಲೆ ನನ್ನ ಜೊತೆಗೇ ಮಾತು ಶುರು ಮಾಡಿದರು. ಆಮೇಲೆ ಒಮ್ಮೆಯೂ ‘ಸರ್‌ಗೆ ಹೇಳಿ’ ಅನ್ನಲಿಲ್ಲ. ಹುಡುಗರ ಜೊತೆ ದಖ್ಖನಿಯಲ್ಲಿ ಬೈತಾರೆ, ಗುಂತಕಲ್ಲಿನಿಂದ ಬಂದವರ ಜೊತೆ ತೆಲುಗಿನಲ್ಲಿ ಚೌಕಾಸಿ, ನಮ್ಮ ಜೊತೆ ಕನ್ನಡ. ಒಂದೇ ಬಾಯಿ, ಒಂದೇ ನಿಮಿಷದಲ್ಲಿ ಮೂರೂ.

ಮೊದಲ ಪ್ರಶ್ನೆ ಕೇಳುವಾಗ ಸ್ಕ್ಯಾನರಿಗೆ ಕೈಯೇ ಹಾಕಲಿಲ್ಲ. ‘ಯಾವಾಗ ಬರ್ತೈತ್ರಿ ಮೇಡಂ ಲೈಟು?’

‘ಓಡಿಸೋವಾಗ.’

‘ಓಡಿಸೋವಾಗ ಅಂದ್ರ? ಎದ್ದ ಕೂಡ್ಲೆನಾ, ಹತ್ತು ಕಿಲೋಮೀಟರ್ ಹೋದಮ್ಯಾಗಾ? ಗುಂಡಿ ಇಳದಾಗಾ, ಬ್ರೇಕ್ ಒತ್ತಿದಾಗಾ?’

ಆಗ ತಲೆಗೆ ಹೊಳೀತು. ಹೆಚ್ಚುಕಮ್ಮಿ ಪ್ರತಿ ಸಲ ಮನೆಯಿಂದ ಹೊರಟು ಅದೇ ಮೊದಲ ತಿರುವು. ಅಥವಾ ಶಾಲೆ ಗೇಟಿನಿಂದ ಹೊರಟು ಇನ್ನೂರು ಮೀಟರ್ ಒಳಗೆ. ಸ್ಪೀಡ್ ಇಪ್ಪತ್ತರ ಆಸುಪಾಸು. ಅದನ್ನು ದಾಟಿ ಮುಂದೆ ಹೋಯ್ತು ಅಂದರೆ ಊರು ಮುಟ್ಟೋವರೆಗೂ ಸುಮ್ಮನಿರುತ್ತೆ. ಮಳೆ ಬಂದ ಮರುದಿನ ಜಾಸ್ತಿ. ಸರ್ವಿಸ್ ಸೆಂಟರಿನಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಭಾಯ್ ಮುಖ ಅರಳಿತು. ‘ಗಾಡಿ ಮೊದಲ್ ಸಲ ಹದಿನೈದು ಇಪ್ಪತ್ತು ಸ್ಪೀಡಿಗೆ ಬಂದಾಗ ಗರ್ ಅಂತ ಒಂದ್ ಸಣ್ಣ ಸೌಂಡ್ ಕೇಳಿರ್ತೀರಿ ನೋಡ್ರಿ. ಎಬಿಎಸ್ ಪಂಪ್ ತನ್ನ ತಾನ ಒಮ್ಮೆ ತಿರುಗಿಸಿ ನೋಡ್ಕೊಂತೈತಿ, ನಾನು ಚೊಲೊ ಅದೀನೋ ಇಲ್ಲೋ ಅಂತ. ಆಗ ಕರೆಂಟ್ ಬಾಳ ಎಳೀತೈತಿ. ಕರೆಂಟಿಗೆ ದಾರಿ ಇಲ್ಲಾಂದ್ರ ಮಾಡ್ಯೂಲ್ ಅಲ್ಲೇ ಮಲಕೊಂತೈತಿ.’

ಅದು ಮಲಗಿತು ಅಂದರೆ ಸ್ಪೀಡ್ ಮುಳ್ಳೂ ಬೀಳುತ್ತೆ, ಸ್ಟೇರಿಂಗೂ ಗಟ್ಟಿ ಆಗುತ್ತೆ. ನನ್ನ ಕಾರಿನಲ್ಲಿ ಚಕ್ರದ ವೇಗ ಲೆಕ್ಕ ಹಾಕಿ ಎಲ್ಲರಿಗೂ ಹೇಳೋದು ಎಬಿಎಸ್ಸೇ. ಮೀಟರು, ಸ್ಟೇರಿಂಗು, ಎಂಜಿನ್ನು ಎಲ್ಲಾ ಅದರ ಬಾಯಿ ನೋಡ್ಕೊಂಡು ಕೂತಿರ್ತವೆ. ಹತ್ತಿದ ಮೂರು ಲೈಟು, ಬಿದ್ದ ಒಂದು ಮುಳ್ಳು ನೋಡಿ ನಾಲ್ಕು ಕಾಯಿಲೆ ಅಂದುಕೊಂಡಿದ್ದೆ, ಒಂದೇ ಕಾಯಿಲೆಯ ನಾಲ್ಕು ಗೊಣಗಾಟ ಅದು.

ಆಮೇಲೆ ಸ್ಕ್ಯಾನರ್ ತೆಗೆದರು. ಟ್ಯಾಬ್ ಥರದ್ದು, ರಬ್ಬರ್ ಕವಚ, ಮೂಲೆ ಒಡೆದಿದೆ. ಏಳು ಮಾಡ್ಯೂಲ್‌ಗಳನ್ನ ಒಂದೊಂದಾಗಿ ತೆರೆದು ಓದಿದರು. ಎಂಜಿನ್ನು, ಸ್ಟೇರಿಂಗು, ಮೀಟರು ಮೂರರಲ್ಲೂ ಅದೇ ಯು 0121. ಎಬಿಎಸ್ ಒಳಗೆ ಹೋದರೆ ಅಲ್ಲಿ ಇದ್ದದ್ದು ಬೇರೆ, ಸಪ್ಲೈ ವೋಲ್ಟೇಜ್ ಕಮ್ಮಿ ಅಂತ. ‘ನೋಡ್ರಿ, ಎಲ್ಲಾರು ಅವನ ಮ್ಯಾಲ ಕಂಪ್ಲೇಂಟ್ ಕೊಟ್ಟಾರ. ಅವನು ಮಾತ್ರ ಹೊಟ್ಟಿಗಿಲ್ಲ ಅಂತಾನ.’ ಇಷ್ಟನ್ನೂ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೆದು, ಫೋನಿನಲ್ಲಿ ಫೋಟೋನೂ ತೆಗೆದು, ಆಮೇಲೆ ಅಳಿಸಿದರು.

ಮುಂದಿನ ಒಂದು ಗಂಟೆ ನಾನು ಬಿಎಡ್ ಮಾಡಿದಾಗಲೂ ನೋಡದಂಥ ಪಾಠ.

ಮೊದಲು ಬ್ಯಾಟರಿ. ನಿಂತಾಗ 12.5 ವೋಲ್ಟ್, ಎಂಜಿನ್ ಓಡೋವಾಗ 14.1. ಸರಿ ಇದೆ. ಆಮೇಲೆ ಬ್ಯಾಟರಿಯ ಮೈನಸ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಆ ಹದಿನಾರು ಪಿನ್ನಿನ ಸಾಕೆಟ್ಟಿನಲ್ಲಿ ಆರು ಮತ್ತು ಹದಿನಾಲ್ಕನೇ ಪಿನ್ನಿಗೆ ಮೀಟರ್ ಕಡ್ಡಿ ಇಟ್ಟರು. ಮಾಡ್ಯೂಲ್‌ಗಳೆಲ್ಲ ಮಾತಾಡೋ ಜೋಡಿ ವೈರು ಅದು, ಕ್ಯಾನ್ ಲೈನ್ ಅಂತಾರೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಹೊರಗೆ ತಂದದ್ದು. ಅದಕ್ಕೂ ಮುಂಚೆ ಒಂದೊಂದು ಸುದ್ದಿಗೆ ಒಂದೊಂದು ವೈರು ಎಳೀಬೇಕಿತ್ತು. ಈಗ ಒಂದೇ ಜೋಡಿ ಮೇಲೆ ಸರದಿ ಪ್ರಕಾರ ಎಲ್ಲಾ ಮಾತು. ಆ ಜೋಡಿಯ ಎರಡೂ ತುದಿಗೆ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತೆ ಅಂತ ಭಾಯ್ ಹೇಳೋಕೂ, ‘ಹಂಗಾದ್ರೆ ಸಮಾಂತರದಲ್ಲಿ ಅರ್ಧ, 60 ಬರಬೇಕು’ ಅಂತ ನನ್ನ ಬಾಯಿಂದ ಬರೋಕೂ ಸರಿಹೋಯ್ತು. ಮೀಟರ್ ತೋರಿಸಿದ್ದು 60.4. ಒಂದು ಕಡೆ ಕಡಿದಿದ್ದರೆ 120 ತೋರಿಸುತ್ತಿತ್ತು, ಎರಡೂ ವೈರು ಒಂದಕ್ಕೊಂದು ತಾಗಿದ್ದರೆ ಸೊನ್ನೆಯ ಹತ್ತಿರ. ಇಪ್ಪತ್ತು ವರ್ಷದಿಂದ ಭಿನ್ನರಾಶಿ ಕಲಿಸ್ತಿದ್ದೀನಿ. ‘ಇದು ಎಲ್ಲಿ ಉಪಯೋಗಕ್ಕೆ ಬರ್ತದ್ರಿ ಟೀಚರ್’ ಅಂತ ಹಿಂದಿನ ಬೆಂಚಿನವರು ಕೇಳಿದಾಗ ಹೇಳೋಕೆ ಈಗ ಒಂದು ಉತ್ತರ ಇದೆ.

ಲೈನ್ ಚೆನ್ನಾಗಿದೆ ಅಂದಮೇಲೆ ಭಾಯ್ ಮೈನಸ್ ಮತ್ತೆ ಹಾಕಿ, ಎಬಿಎಸ್‌ನ ದೊಡ್ಡ ಕಪ್ಲರ್, ಅಂದರೆ ವೈರುಗಳ ಗೊಂಚಲು ಸಿಕ್ಕಿಸೋ ಪ್ಲಗ್, ಬಿಚ್ಚಿದರು. ಅದರ ಕರೆಂಟ್ ಪಿನ್ನಿಗೂ ಅರ್ತ್ (ಕರೆಂಟ್ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋ ದಾರಿ) ಪಿನ್ನಿಗೂ ಮೀಟರ್ ಇಟ್ಟರೆ 12.4. ನನಗೆ ನಿರಾಸೆ ಆಯ್ತು. ಕರೆಂಟ್ ಬರ್ತಾ ಇದೆಯಲ್ಲ, ಹಾಗಾದರೆ ಮಾಡ್ಯೂಲೇ ಹೋಗಿರಬೇಕು, 41 ಸಾವಿರ ಗ್ಯಾರಂಟಿ.

ಭಾಯ್ ಒಳಗೆ ಹೋಗಿ ಒಂದು ಹಳೇ ಹೆಡ್‌ಲೈಟ್ ಬಲ್ಬ್ ತಂದರು. ಎರಡು ವೈರು ಬೆಸುಗೆ ಹಾಕಿ, ತುದಿಗೆ ತೆಳುವಾದ ಪಿನ್ನು ಕೂರಿಸಿದ್ದು. 55 ವ್ಯಾಟಿಂದು. ‘ಮೀಟರ್ ಸುಳ್ ಹೇಳಂಗಿಲ್ರಿ, ಆದ್ರ ಪೂರ್ತಿನೂ ಹೇಳಂಗಿಲ್ಲ. ನೀವೇ ಹಿಡೀರಿ’ ಅಂತ ಬಲ್ಬ್ ನನ್ನ ಕೈಗೇ ಕೊಟ್ಟರು. ವೈರಿನ ತುದಿಗಳನ್ನ ಅವೇ ಎರಡು ಪಿನ್ನಿಗೆ ತಾಗಿಸಿದರು. ಬಲ್ಬು ಹತ್ತಿತು ಅನ್ನೋಕಾಗಲ್ಲ. ಎಣ್ಣೆ ತೀರಿದ ಕಂದೀಲಿನ ಹಾಗೆ ಒಳಗಿನ ತಂತಿ ಕೆಂಪಗಾಯ್ತು, ಅಷ್ಟೇ. ಆಮೇಲೆ ಅರ್ತ್ ಕಡೆಯ ತುದಿಯನ್ನ ಮಾತ್ರ ತೆಗೆದು ನೇರ ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದರು. ಬೇವಿನ ನೆರಳಲ್ಲೂ ಕಣ್ಣು ಕುಕ್ಕೋ ಹಾಗೆ ಬಿಳೀ ಬೆಳಕು. ಕೈಗೆ ಬಿಸಿ ತಾಗಿ ಬಿಟ್ಟೇಬಿಡ್ತಿದ್ದೆ.

ಮೀಟರ್ ಎಳೆಯೋ ಕರೆಂಟು ಲೆಕ್ಕಕ್ಕಿಲ್ಲದಷ್ಟು. ಒಂದು ಎಳೆ ಉಳಿದ ವೈರಿನಲ್ಲೂ ಅದಕ್ಕೆ 12 ವೋಲ್ಟ್ ಕಾಣುತ್ತೆ. ಬಲ್ಬಿಗೆ ನಾಲ್ಕೂವರೆ ಆಂಪಿಯರ್ ಬೇಕು, ಆ ಒಂದು ಎಳೆಯಲ್ಲಿ ಅಷ್ಟು ಹಾಯಲ್ಲ. ಎಬಿಎಸ್ ಪಂಪಿಗಂತೂ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಬೇಕು. ನಲ್ಲಿ ಬಾಯಿಗೆ ಕೈ ಇಟ್ಟರೆ ಒತ್ತಡ ಇರುತ್ತೆ, ಬಕೆಟ್ ಇಟ್ಟರೆ ತುಂಬಲ್ಲ. ಬಳ್ಳಾರಿಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅರ್ತ್ ವೈರನ್ನ ಹಿಡಿದುಕೊಂಡು ಹೋದರೆ ಅದು ಬ್ಯಾಟರಿ ಟ್ರೇ ಕೆಳಗೆ, ಒಳಗಿನ ಮಡ್‌ಗಾರ್ಡ್ ತಗಡಿಗೆ ಒಂದು ಹತ್ತನೇ ನಂಬರ್ ಬೋಲ್ಟಿನಲ್ಲಿ ಕೂತಿತ್ತು. ಟ್ರೇ ಬಿಚ್ಚಿದಾಗ ಕಂಡದ್ದು ಹಸಿರು. ಹಿತ್ತಾಳೆ ತಂಬಿಗೆಯಲ್ಲಿ ಮಜ್ಜಿಗೆ ಮರೆತಿಟ್ಟರೆ ಹಿಡಿಯುತ್ತಲ್ಲ, ಅದೇ ಕಿಲುಬು. ಎರಡು ವರ್ಷದ ಹಿಂದೆ ಹಳೇ ಬ್ಯಾಟರಿ ಒಸರಿದ್ದು ನೆನಪಾಯ್ತು. ಹೊಸದು ಹಾಕಿದವರು ಮೇಲೆ ಒರೆಸಿ ಕೊಟ್ಟಿದ್ದರು, ಕೆಳಗೆ ಯಾರು ನೋಡ್ತಾರೆ? ಮೇಲಿಂದ ವಾಟರ್ ಸರ್ವಿಸಿನ ನೀರು ಬೇರೆ. ಭಾಯ್ ವೈರಿನ ತುದಿಯ ಲಗ್ (ಬೋಲ್ಟಿಗೆ ಸಿಕ್ಕಿಸೋ ಲೋಹದ ಬಳೆ) ಹಿಡಿದು ಸ್ವಲ್ಪ ಜಗ್ಗಿದರು. ಕೈಗೇ ಬಂತು. ಕಡ್ಡಿಯಷ್ಟು ದಪ್ಪ ವೈರಿನಲ್ಲಿ ಉಳಿದದ್ದು ನಾಲ್ಕೈದು ಎಳೆ.

ವೈರನ್ನ ಚೆನ್ನಾಗಿರೋ ತಾಮ್ರ ಕಾಣೋವರೆಗೆ ಹಿಂದಕ್ಕೆ ಕತ್ತರಿಸಿ, ಒಂದು ಗೇಣು ಹೊಸ ವೈರು ಸೇರಿಸಿ, ಹೊಸ ಲಗ್ ಒತ್ತಿ, ಬೋಲ್ಟ್ ಕೂರೋ ಜಾಗವನ್ನ ಎಮ್ರಿ ಪೇಪರಿನಲ್ಲಿ ಬೆಳ್ಳಿ ಹಾಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನು. ಮತ್ತೆ ಬಲ್ಬ್ ಹಿಡಿದರೆ ಎರಡೂ ಕಡೆ ಒಂದೇ ಬೆಳಕು. ಸ್ಕ್ಯಾನಿಂಗ್ 400, ಕೆಲಸ 450. ಎಂಟುನೂರ ಐವತ್ತು. ಅದಾಗಿ ಆರು ತಿಂಗಳ ಮೇಲಾಯ್ತು. ಆ ತಿರುವು ದಾಟೋವಾಗ ಕಿವಿಗೊಟ್ಟು ಕೇಳ್ತೀನಿ, ಗರ್ ಅನ್ನುತ್ತೆ, ಸುಮ್ಮನಾಗುತ್ತೆ.

ಅಕ್ಟೋಬರಿನಲ್ಲಿ ನನ್ನ ತಮ್ಮನ ಕಾರನ್ನೂ ಅಲ್ಲಿಗೇ ಕರಕೊಂಡು ಹೋದೆ. ಅವನು ಸಂಡೂರಿನಲ್ಲಿರೋದು. ಕೋಡ್ ಸಿ 0035, ಮುಂದಿನ ಎಡ ಚಕ್ರದ ವೇಗ ಅಳೆಯೋ ಸೆನ್ಸಾರಿಂದು. ಸಂಡೂರು ಅಂದ ಕೂಡಲೇ ಎಲ್ಲರೂ ಹೇಳೋದು ಒಂದೇ: ಅದಿರಿನ ಧೂಳು. ಸೆನ್ಸಾರಿನ ಮೂಗಿನಲ್ಲಿ ಆಯಸ್ಕಾಂತ ಇದೆ, ಕಬ್ಬಿಣದ ಧೂಳು ಹಿಡಿದಿದೆ, ಸೆನ್ಸಾರ್ ಬದಲಾಯಿಸು. ನಾನೂ ಹಾಗೇ ನಂಬಿದ್ದೆ.

ಭಾಯ್ ಸ್ಕ್ಯಾನರನ್ನ ತಮ್ಮನ ಕೈಗೆ ಕೊಟ್ಟು, ನಿಧಾನ ಓಡಿಸ್ತಾ ನಾಲ್ಕೂ ಚಕ್ರದ ಸ್ಪೀಡ್ ತೋರಿಸಿದರು. ಮೂರು ಚಕ್ರ ಹತ್ತು, ಹನ್ನೊಂದು ಅಂತ ಏರ್ತಿದ್ದರೆ ನಾಲ್ಕನೆಯದು ಸೊನ್ನೆ. ಹದಿನೈದು ದಾಟಿದಾಗ ದಡಕ್ಕನೆ ಎದ್ದು ಉಳಿದವರ ಜೊತೆ ಸೇರಿಕೊಳ್ತು. ‘ಸೆನ್ಸಾರ್ ಸತ್ತಿದ್ರ ಮೇಲೂ ಸೊನ್ನೆನೇ ಇರಬೇಕಿತ್ತು. ಕಿವಿ ಮಂದ ಆಗೈತಿ, ಅಷ್ಟ.’ ಬಿಚ್ಚಿದಾಗ ಮೂಗಿಗೆ ಕಪ್ಪನೆ ತುಪ್ಪಳ ಅಂಟಿತ್ತು. ಭಾಯ್ ಒಡೆದ ಸ್ಪೀಕರಿನ ಆಯಸ್ಕಾಂತ ತಂದು ನ್ಯೂಸ್ ಪೇಪರಿನಲ್ಲಿ ಸುತ್ತಿದರು. ಮಡ್‌ಗಾರ್ಡ್ ಒಳಗಿನ ಕೆಂಪು ಧೂಳಿನ ಮೇಲೆ ಆಡಿಸಿದರು. ನಾಲ್ಕು ಕಣ ಅಂಟಿದವು, ಉಳಿದದ್ದು ಅಲ್ಲೇ. ಆ ಕಪ್ಪು ತುಪ್ಪಳದ ಮೇಲೆ ಹಿಡಿದರೆ ಮೀಸೆ ಬಂದ ಹಾಗೆ ನೆಟ್ಟಗೆ ಎದ್ದು ನಿಂತಿತು. ಅದು ಬ್ರೇಕ್ ಡಿಸ್ಕ್ ಸವೆದು ಉದುರಿದ ಕಬ್ಬಿಣದ ಪುಡಿ. ನಮ್ಮ ಕೆಂಪು ಮಣ್ಣಿನ ಅದಿರು ಬಹುಪಾಲು ಹೆಮಟೈಟ್, ಅದು ಆಯಸ್ಕಾಂತಕ್ಕೆ ಅಷ್ಟಾಗಿ ಒಲಿಯಲ್ಲ. ಶ್ವಾಸಕೋಶಕ್ಕೆ, ಒಣಹಾಕಿದ ಬಟ್ಟೆಗೆ, ಏರ್ ಫಿಲ್ಟರಿಗೆ ಅದು ಮಾಡೋದು ಬೇರೆ ಕಥೆ. ಸೆನ್ಸಾರಿನ ವಿಷಯದಲ್ಲಿ ಮಾತ್ರ ಪಾಪ, ಅದರದೇನೂ ತಪ್ಪಿರಲಿಲ್ಲ. ಒರೆಸಿ ಹಾಕಿದರು. ಇನ್ನೂರು ರೂಪಾಯಿ. ಆಮೇಲೆ ಮೂರೂ ಜನ ಪಕ್ಕದ ಗಾಡಿಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದದ್ದಕ್ಕೆ ನೂರೈವತ್ತು.

ಇಷ್ಟೆಲ್ಲ ಹೊಗಳಿ ನಾಲ್ಕೇ ಸ್ಟಾರ್ ಯಾಕೆ ಅಂದರೆ, ಕೇಳಿ.

ಕೂರೋಕೆ ಜಾಗ ಇಲ್ಲ. ಒಂದು ಹಳೇ ಮಾರುತಿಯ ಸೀಟು ಇದೆ, ಅದರಲ್ಲಿ ಸ್ಪ್ರಿಂಗ್ ಹೊರಗೆ ಬಂದಿದೆ, ಮತ್ತೆ ಅದರ ಮೇಲೆ ಸದಾ ಬೆಕ್ಕು. ಹೆಣ್ಣುಮಕ್ಕಳು ನಾಲ್ಕು ತಾಸು ಕಾಯಬೇಕಾದರೆ ಟಾಯ್ಲೆಟ್ಟಿಗೆ ಎಲ್ಲಿಗೆ ಹೋಗಬೇಕು? ಪೆಟ್ರೋಲ್ ಬಂಕಿಗೆ ನಡೀಬೇಕು. ‘ಹತ್ತು ನಿಮಿಷ’ ಅಂದರೆ ಒಂದು ಗಂಟೆ, ‘ಒಂದು ಗಂಟೆ’ ಅಂದರೆ ನಾಳೆ. ಬಿಲ್ ಕೇಳಿದರೆ ಆ ಕ್ಯಾಲೆಂಡರ್ ಹಾಳೆಯ ಹಿಂದೆಯೇ ಬರೆದು ಕೊಡ್ತಾರೆ. ಹಾಳೆಯ ಮುಂದೆ ಅಮಾವಾಸ್ಯೆ, ಹಿಂದೆ ಯು 0121. ವಾರಂಟಿ ಇರೋ ಗಾಡಿಯನ್ನ ಇಲ್ಲಿಗೆ ತರಬೇಡಿ, ಹೊರಗಿನವರು ವೈರು ಕತ್ತರಿಸಿದ್ದು ಕಂಡರೆ ಕಂಪನಿಯವರು ಆಮೇಲೆ ತಕರಾರು ತೆಗೀತಾರೆ.

ಮೊದಲ ಸಲ ಮಾಡಿಸಿದಾಗ ಸ್ಟೇರಿಂಗ್ ಮಾಡ್ಯೂಲಿನ ಹಳೇ ಕೋಡ್ ಅಳಿಸೋಕೆ ಮರೆತಿದ್ದರು. ಮುಂದಿನ ವಾರ ಒಂದು ದಿನ ಆ ಲೈಟು ನೋಡಿ ನನಗೆ ಎದೆ ಧಸಕ್ ಅಂತು, ಮತ್ತೆ ಹೋದೆ. ದುಡ್ಡು ತಗೊಳ್ಳಲಿಲ್ಲ, ಆದರೆ ಅರ್ಧ ದಿನದ ಸಿಎಲ್ ಹೋಯ್ತು.

ಏರ್‌ಬ್ಯಾಗ್ ಲೈಟಿಗೆ ಅವರು ಕೈ ಹಾಕಲ್ಲ. ಇದನ್ನ ದೂರಿನ ಪಟ್ಟಿಗೆ ಸೇರಿಸಬೇಕೋ ಬೇಡವೋ ಅಂತ ಯೋಚಿಸಿ ಬಿಟ್ಟಿದ್ದೀನಿ. ನಾನಿದ್ದಾಗಲೇ ಒಬ್ಬರು ಬಂದು, ಬಿ ಇಂದ ಶುರುವಾಗೋ ಕೋಡ್ ತೋರಿಸಿ ‘ಅಳಿಸಿಕೊಡಿ, ಗಾಡಿ ಮಾರಬೇಕು’ ಅಂದರು. ಭಾಯ್ ಸ್ಕ್ಯಾನರ್ ಕಿತ್ತು ಪೆಟ್ಟಿಗೆಗೆ ಹಾಕಿದರು. ‘ನಾಳೆ ಆ ಗಾಡ್ಯಾಗ ಯಾರೋ ಕುಂತಿರ್ತಾರ್ರೀ. ಕಂಪನಿಗೆ ತಗೊಂಡ್ ಹೋಗ್ರಿ.’ ಸ್ಕ್ಯಾನಿಂಗ್ ದುಡ್ಡನ್ನೂ ಇಸ್ಕೊಳ್ಳಲಿಲ್ಲ. ಆ ಮನುಷ್ಯ ಬೈಕೊಂಡು ಹೋದ.

ಹೋಗೋವರಿಗೆ ಎರಡು ಮಾತು. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮಾಜಿಗೆ ಹೋಗಿರ್ತಾರೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಹನ್ನೊಂದರ ಮೇಲೆ ಬಾನೆಟ್ ತಗಡಿನ ಮೇಲೆ ರೊಟ್ಟಿ ಬೇಯಿಸಬಹುದು. ಬ್ಯಾಟರಿ ಬಿಚ್ಚೋ ಕೆಲಸ ಇದ್ದರೆ ಸ್ಟೀರಿಯೋ ಕೋಡ್ (ಕೆಲವು ಗಾಡಿಯ ಸ್ಟೀರಿಯೋ ಮತ್ತೆ ಹಾಡೋಕೆ ಕೇಳೋ ಗುಟ್ಟಿನ ನಂಬರು) ಇಟ್ಟುಕೊಂಡಿರಿ. ಲೈಟು ಹತ್ತಿದಾಗ ಎಷ್ಟು ಸ್ಪೀಡು, ಎಷ್ಟು ದೂರ ಬಂದಿದ್ದಿರಿ, ಹಿಂದಿನ ದಿನ ಮಳೆ ಬಂದಿತ್ತಾ, ವಾಟರ್ ಸರ್ವಿಸ್ ಮಾಡಿಸಿದ್ದಿರಾ, ಇದನ್ನ ಫೋನಿನಲ್ಲಿ ಬರೆದಿಟ್ಟುಕೊಂಡು ಹೋಗಿ. ಮತ್ತೆ ಕೋಡನ್ನ ನೀವೇ ಅಳಿಸಿಕೊಂಡು ಹೋಗಬೇಡಿ, ಬೈಸಿಕೊಳ್ತೀರಿ.

ಕೊನೆಗೆ, ಆ ಒಂದು ಸ್ಟಾರ್ ನಿಜವಾಗಿ ಕಡಿತ ಆದದ್ದು ಯಾವಾಗ ಅಂತ ಹೇಳ್ತೀನಿ. ಮೊದಲ ಸಲ ಕೆಲಸ ಮಾಡಿಸಿಕೊಂಡು ಬಂದ ಸೋಮವಾರ, ಕುರುಗೋಡು ದಾರಿಯಲ್ಲಿ ಬಾನೆಟ್ ಒಳಗಿಂದ ಟಿಣ್, ಟಿಣ್ ಅಂತ ಸದ್ದು. ಪ್ರತಿ ಗುಂಡಿಗೂ ಟಿಣ್. ಎಬಿಎಸ್ಸೇ ಕಳಚಿ ಬಿತ್ತು ಅಂದುಕೊಂಡು ಶಾಲೆ ಮುಟ್ಟಿ ಬಾನೆಟ್ ಎತ್ತಿದರೆ, ವೈಪರ್ ಕೆಳಗಿನ ಸಂದಿಯಲ್ಲಿ ಹತ್ತನೇ ನಂಬರ್ ಸ್ಪ್ಯಾನರು, ಹಾಯಾಗಿ ಮಲಗಿದೆ. ಪಂಪಿನ ಪಕ್ಕ, ಬೆಲ್ಟಿನ ಪಕ್ಕ ಬಿದ್ದಿದ್ದರೆ ಏನು ಗತಿ? ಸಿಟ್ಟು ಬಂತು, ಫೋನ್ ಮಾಡಿ ಬೈಬೇಕು ಅಂತ ಚೀಲದಿಂದ ಮೊಬೈಲ್ ತೆಗೆಯೋಷ್ಟರಲ್ಲಿ ಅವರದೇ ಫೋನು.

‘ಮೇಡಂ, ಲೈಟ್ ಬಂತೇನ್ರಿ ಮತ್ತ?’

‘ಇಲ್ಲ.’

‘ಬರಂಗಿಲ್ಲ ಬಿಡ್ರಿ. ಅದು ಹೋಗ್ಲಿ, ನನ್ ಹತ್ತನೇ ನಂಬರ್ ಸ್ಪ್ಯಾನರ್ ಏನರ ನಿಮ್ ಗಾಡ್ಯಾಗ ಉಳೀತಾ ಒಮ್ಮೆ ನೋಡ್ರಿ. ಮುಂಜಾನಿಂದ ಹುಡುಗನ್ನ ಸುಮ್ಮನ ಬೈಯಾಕತ್ತೀನಿ.’